ರಾಣಿವಾಸವೆಂಬ ಸೌದೆಮನೆ

ನಾನು ಅರಮನೆಯಲ್ಲಿ ಬೆಳೆದವಳು ಎಂದರೆ ಕೇಳಿದವರು ಮೊದಲು ನನ್ನ ಸೀರೆ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗಲಿ. ಹೊಸನಗರದಿಂದ ನಗರ ಎಂಬ ಹಳೆಯ ಕೋಟೆಯೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಕೊತ್ತಲಗದ್ದೆ. ಅಲ್ಲಿನ ದಿಬ್ಬದ ಮೇಲೆ ಕೆಳದಿ ಅರಸರ ಕಾಲದ ಒಬ್ಬ ದಳವಾಯಿಯ ಅರಮನೆ ಇತ್ತು. ನಗರದ ಕೋಟೆ ಬಿದ್ದಾಗ ಇದಕ್ಕೂ ಬೆಂಕಿ ಬಿತ್ತಂತೆ. ದಳವಾಯಿ ಎಲ್ಲಿ ಸತ್ತನೋ ಗೊತ್ತಿಲ್ಲ, ಹೆಸರೂ ಉಳಿಯಲಿಲ್ಲ. ನಮ್ಮ ಬಾಯಲ್ಲಿ ಅವನು ಬರೀ 'ದೊರೆ'. ಅವನು ಹೋದ ಮೇಲೆ ಕಲ್ಲುಗಳೂ ಒಂದೊಂದಾಗಿ ಹೊರಟವು. ಬಾಗಿಲವಾಡ ಒಂದೂರಿಗೆ, ಕಂಬ ಇನ್ನೊಂದೂರಿಗೆ, ಮೆಟ್ಟಿಲು ಕೆರೆಯ ತೂಬಿಗೆ. ಸುತ್ತಿನ ಹಳ್ಳಿಗಳಲ್ಲಿ ಬಟ್ಟೆ ಒಗೆಯುವ ಕಲ್ಲು ಕೊಂಚ ನುಣುಪಾಗಿ ಕಂಡರೆ ಅಜ್ಜಿ, 'ಅದು ನಮ್ಮನೆದೇ' ಎನ್ನುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು.

ಹಾಗೆಂದು ನಾವು ದೊರೆಯ ವಂಶದವರೇನಲ್ಲ. ಯಾವ ಕಾಲದಲ್ಲೋ ನಮ್ಮ ಹಿರಿಯನೊಬ್ಬ, ಬೀಳದೆ ಉಳಿದಿದ್ದ ಒಂದು ಪಕ್ಕಕ್ಕೆ ಹೆಂಚು ಹೊದಿಸಿ ಸಂಸಾರ ಹೂಡಿದ, ಅಷ್ಟೆ. ಊರವರು ನಮ್ಮನ್ನು 'ಅರಮನೆಯವರು' ಎಂದರು, ನಾವು ಬೇಡವೆನ್ನಲಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುತ್ತಾರಲ್ಲ, ಹಾಗೆ. ಶಾಲೆಗೆ ತೇಪೆ ಹಾಕಿದ ಲಂಗದಲ್ಲಿ ಹೋದರೆ 'ರಾಜಕುಮಾರಿ ಬಂದ್ಲು, ದಾರಿ ಬಿಡ್ರೋ' ಎಂದು ಹುಡುಗರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು. ಮನೆಯೊಳಗೆ ನಡು ಮಧ್ಯಾಹ್ನವೂ ದೀಪ ಬೇಕು. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ನಾನು ಕಾಲು ಮಡಚಿ ಮಲಗಬಹುದಿತ್ತು. ಒಳಗೆ ಮಾತಾಡಿದ್ದು ಹೊರಗೆ ಕೇಳಿಸುತ್ತಿರಲಿಲ್ಲ, ಹೊರಗೆ ಅತ್ತದ್ದು ಒಳಗೆ ಕೇಳಿಸುತ್ತಿರಲಿಲ್ಲ. ಜಾಗಗಳಿಗೆಲ್ಲ ಹಳೆಯ ಹೆಸರುಗಳೇ ಉಳಿದಿದ್ದವು. ದನ ಕಟ್ಟುತ್ತಿದ್ದದ್ದು 'ಕುದುರೆ ಲಾಯ'ದಲ್ಲಿ, ಭತ್ತ ಒಣಗಿಸುತ್ತಿದ್ದದ್ದು ಹುಲ್ಲು ಬೆಳೆದು ಬಯಲಾಗಿದ್ದ 'ಓಲಗದ ಕಟ್ಟೆ'ಯ ಮೇಲೆ. ಇವು ತಲೆತಲಾಂತರದಿಂದ ಬಂದ ಹೆಸರುಗಳು. 'ರಾಣಿವಾಸ' ಮಾತ್ರ ಹಾಗಲ್ಲ. ಅದು ಹುಟ್ಟಿದ್ದು ನನ್ನ ಕಣ್ಣೆದುರಿಗೆ.

ಅದಕ್ಕೂ ಮೊದಲು ಆ ಜಾಗಕ್ಕೆ ಸೌದೆಮನೆ ಎನ್ನುತ್ತಿದ್ದೆವು. ಅಂಗಳದ ಆಚೆ, ಒಂಟಿಯಾಗಿ ನಿಂತ ಕಲ್ಲಿನ ಕೋಣೆ. ಒಂದೇ ಬಾಗಿಲು, ಗೋಡೆಯಲ್ಲಿ ಎರಡು ಗೂಡು. ಅವ್ವನಿಗೆ ನನ್ನ ನಂತರ ಹುಟ್ಟಿದ ಗಂಡುಮಗು ಉಸಿರಾಡಲಿಲ್ಲ. ಮತ್ತೆ ಮಕ್ಕಳಾಗುವುದಿಲ್ಲ ಎಂದು ತೀರ್ಥಹಳ್ಳಿಯ ಡಾಕ್ಟರು ಹೇಳಿದರು. ಅಪ್ಪಯ್ಯ ತಮ್ಮ ಸೋದರಮಾವನ ಕಡೆಯ ಶಾರದೆಯನ್ನು ಮದುವೆಯಾಗಿ ತಂದರು. ನನಗೆ ಅವಳು ಚಿಕ್ಕವ್ವ. ನನಗಿಂತ ಹತ್ತೇ ವರ್ಷ ದೊಡ್ಡವಳು, ಇನ್ನೂ ಕಣ್ಣಲ್ಲಿ ತವರಿನ ನೀರು ಆರಿರಲಿಲ್ಲ. ಅವಳು ಹೊಸಿಲು ದಾಟುವ ಮುಂಚಿನ ದಿನ ಅಪ್ಪಯ್ಯ ಸೌದೆಯನ್ನು ಲಾಯಕ್ಕೆ ಸಾಗಿಸಿ, ನೆಲಕ್ಕೆ ಸಗಣಿ ಬಳಿಸಿ, ಅವ್ವನ ಟ್ರಂಕನ್ನು ತಾವೇ ಹೊತ್ತು ಅಲ್ಲಿಟ್ಟರು. ಅವರು ಅವ್ವನ ಮುಖ ನೋಡಲಿಲ್ಲ.

"ಸ್ವಲ್ಪ ದಿನ ಅಷ್ಟೆ. ಹೊಸ ಹುಡುಗಿ, ಹೊಂದ್ಕಳ್ಳಿ. ಆಮೇಲೆ ನಾನೇ ಬಂದು ಕರಿತೀನಿ."

ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ ಎಲೆಯಡಿಕೆ ಉಗಿದು ನನ್ನನ್ನು ನೋಡಿದಳು. ಅವಳ ನಾಲಿಗೆಗೆ ಮಗ ಸೊಸೆ ಎಂಬ ಭೇದವಿರಲಿಲ್ಲ.

"ನೋಡ್ಕಳೇ ಕೂಸೆ. ಪಟ್ಟದ ರಾಣಿ ರಾಣಿವಾಸಕ್ಕೆ ಹೊರಟ್ಲು. ಇನ್ನು ನಮ್ಮಂಥೋರ ಕೈಗೆ ಸಿಕ್ತಾಳಾ?"

ಅಜ್ಜಿ ಕುಟುಕಿದ್ದು ಮಗನನ್ನು. ಗಾಯವಾದದ್ದು ಸೊಸೆಗೆ. ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಮೊದಲು ಆಳುಗಳು ನಗುತ್ತ ಹೇಳಿದರು, ಆಮೇಲೆ ನಗದೆ ಹೇಳಿದರು, ಆಮೇಲೆ ಅದು ಹೆಸರೇ ಆಯಿತು. 'ರಾಣಿವಾಸದ ಹಿಂದೆ ಹಾವು ಕಂಡಿತು', 'ರಾಣಿವಾಸದ ಮಾಡಿನ ಹೆಂಚು ಜಾರಿದೆ' ಎಂದು ನಾನೂ ಹೇಳತೊಡಗಿದೆ. ಹೇಳುವಾಗ ಯಾರೂ ಅದರ ಅರ್ಥ ನೆನೆಯುತ್ತಿರಲಿಲ್ಲ. ಅವ್ವನೊಬ್ಬಳೇ ಆ ಕೋಣೆಗೆ ಕೊನೆಯವರೆಗೂ ಸೌದೆಮನೆ ಎಂದಳು.

ನಾನು ಅವ್ವನ ಜೊತೆಗೇ ಹೋದೆ. ಹೋಗು ಎಂದು ಯಾರೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವ್ವ ಅಲ್ಲಿ ಒಲೆ ಹಾಕಲಿಲ್ಲ. ಗೋಡೆಗೆ ಹತ್ತಿರವಾಗಿ ಮೂರು ಕಲ್ಲಿಟ್ಟುಕೊಂಡಳು, ಅಷ್ಟೆ. ಅದಕ್ಕೆ ಮಣ್ಣು ಮೆತ್ತಲಿಲ್ಲ. ಬಟ್ಟೆ ತೂಗುಹಾಕಲು ಒಂದು ಗೂಟವನ್ನೂ ಹೊಡೆಯಲಿಲ್ಲ. ಅಂಗಡಿಯ ಸಾಮಾನು ಬಂದರೆ ಡಬ್ಬಿಗೆ ಸುರಿಯದೆ ಪೊಟ್ಟಣದಲ್ಲೇ ಇಡುತ್ತಿದ್ದಳು. ನಾನು ಒಂದು ಸಲ ಬಟ್ಟೆ ಹರವಲು ಹಗ್ಗವಾದರೂ ಕಟ್ಟಿಕೊಡು ಎಂದು ಹಟ ಹಿಡಿದೆ.

"ನಾಳೆ ಕರೆದ್ರೆ ಎಲ್ಲಾ ಕಿತ್ತು ಹೊರಬೇಕಲ್ಲೇ. ಎಂತಕ್ಕೆ ಎರಡೆರಡು ಕೆಲಸ?"

ಆ 'ನಾಳೆ'ಯ ನೆರಳಲ್ಲಿ ನಾನು ದೊಡ್ಡವಳಾದೆ. ಒದ್ದೆ ಸೌದೆಯಾದರೆ ಹೊಗೆ ಹೋಗುವುದಕ್ಕೆ ದಾರಿಯಿಲ್ಲದೆ ಗೋಡೆಗೆ ಹತ್ತಿಕೊಂಡು ಮೇಲೇರುತ್ತಿತ್ತು. ಕಣ್ಣುರಿಯಲ್ಲಿ ಅಳುತ್ತ ಓದುತ್ತಿದ್ದೆ. ಅವ್ವನಿಗೆ ಆ ಹೊಗೆ ಅನುಕೂಲವಾಗಿತ್ತು, ಯಾಕೆ ಅಳುತ್ತಿ ಎಂದು ಯಾರೂ ಕೇಳುತ್ತಿರಲಿಲ್ಲ. ಚಿಕ್ಕವ್ವ ಕೆಟ್ಟವಳಲ್ಲ. ಕಡುಬು ಕೋಳಿಸಾರು ಮಾಡಿದ ದಿನ ಸೆರಗಿನ ಮರೆಯಲ್ಲಿ ತಟ್ಟೆ ತಂದು ಬಾಗಿಲಲ್ಲಿಟ್ಟು, ಮಾತಾಡದೆ ಓಡುತ್ತಿದ್ದಳು. ಅವ್ವ ಅದನ್ನು ನನಗೆ ಬಡಿಸುವಳು, ತಾನು ಮುಟ್ಟುತ್ತಿರಲಿಲ್ಲ. ಸಂಜೆ ಹೊತ್ತು ಬಾಗಿಲಲ್ಲಿ ನಿಂತು ಅಂಗಳದಾಚೆಯ ಅಡುಗೆಮನೆಯ ಕಡೆ ನೋಡುತ್ತಿದ್ದಳು. ಅಲ್ಲಿ ಒಲೆ ಉರಿಯುವುದು ತಡವಾದರೆ ಅವಳ ಕೈ ಚಡಪಡಿಸುತ್ತಿತ್ತು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಕರೆಯುವವರೆಗೆ ಕಾಯುವುದೇಕೆ, ಹೋಗಿ ಒಳಗೆ ಕೂತುಬಿಡಬಾರದೇ ಎಂದು. ಅಪ್ಪಯ್ಯನ ಮೇಲೆ ಸಿಟ್ಟು ಮಾಡುವ ಧೈರ್ಯ ಇರಲಿಲ್ಲವಲ್ಲ, ಅದೂ ಇವಳ ಪಾಲಿಗೇ ಬಂತು.

ವರ್ಷದಲ್ಲಿ ಒಂದು ದಿನ ಮಾತ್ರ ಅವ್ವ ಒಳಗೆ ಹೋಗುತ್ತಿದ್ದಳು. ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರಿಗೆ ಎಡೆಯಿಟ್ಟ ಮಾರನೆಯ ದಿನ ನಮ್ಮಲ್ಲಿ 'ದೊರೆ ಎಡೆ'. ಓಲಗದ ಕಟ್ಟೆಯ ಮೇಲೆ, ದೊರೆ ಕೂರುತ್ತಿದ್ದನಂತೆ ಎನ್ನುವ ಕಲ್ಲಿನ ಮುಂದೆ, ಬಾಳೆಲೆ ಹಾಕಿ ಬಡಿಸಬೇಕು. 'ಮನೆ ಅವನದು, ಇರೋರು ನಾವು. ವರ್ಷಕ್ಕೊಂದು ಊಟನೂ ಹಾಕ್ದೆ ಇದ್ರೆ ಹೆಂಗೆ?' ಎನ್ನುತ್ತಿದ್ದಳು ಅಜ್ಜಿ. ದೊರೆ ಲಿಂಗ ಕಟ್ಟಿದವನಾದ್ದರಿಂದ ಆ ದಿನ ನಮ್ಮ ಗೌಡರ ಮನೆಯಲ್ಲಿ ಮೀನು ಮಾಂಸದ ಮಾತೂ ಇಲ್ಲ. ಕುಂಬಳಕಾಯಿ ಪಲ್ಯ, ಬೇಳೆ ಸಾರು, ಪಾಯಸ. ಬಡಿಸುವವಳು ಮನೆಯ ಹಿರಿಸೊಸೆ. ಅಡುಗೆ ಮಾಡುವವಳೂ ಅವಳೇ, ರುಚಿ ನೋಡುವ ಹಾಗಿಲ್ಲ. ದೊರೆ ಉಣ್ಣುವ ತನಕ ಮನೆಯ ಮಕ್ಕಳೂ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಬಡಿಸಿದ ಮೇಲೆ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು, ಉಣ್ಣುವ ದೊರೆಯನ್ನು ನೋಡಬಾರದು. ಕಾಗೆ ಎಲೆ ಮುಟ್ಟಿದ ಸದ್ದಾದ ಮೇಲೆ ಹಿರಿಸೊಸೆ 'ದೊರೆ ಉಂಡ್ರು, ನೀವು ಉಣ್ಣಿ' ಎನ್ನಬೇಕು. ಆ ಒಂದು ಮಾತಿಗೆ ಅಪ್ಪಯ್ಯನೂ ಕಾಯಬೇಕಿತ್ತು. ಅವ್ವ ಅದನ್ನು ಹೇಳುವಾಗ ಅವಳ ದನಿ ಬೇರೆಯಾಗುತ್ತಿತ್ತು. ವರ್ಷವಿಡೀ ಆ ದನಿ ನಮ್ಮ ಕೋಣೆಯಲ್ಲಿ ಕೇಳುತ್ತಿರಲಿಲ್ಲ.

ಚಿಕ್ಕವ್ವನಿಗೆ ರಾಜು ಹುಟ್ಟಿ ಅಂಬೆಗಾಲಿಡುತ್ತಿದ್ದ ವರ್ಷ ಅದು. ಅವ್ವ ಬೆಳಗಾಗುವ ಮುಂಚೆಯೇ ತಲೆಗೆ ನೀರು ಹಾಕಿಕೊಂಡು, ಟ್ರಂಕಿನ ತಳದ ಕೆಂಪಂಚಿನ ಸೀರೆ ಉಟ್ಟು ಸಿದ್ಧಳಾಗಿದ್ದಳು. ಅಂಗಳದಲ್ಲಿ ಅಪ್ಪಯ್ಯ, ಅಜ್ಜಿಯರ ಜಗಳದ ದನಿ ಕೇಳಿತು.

"ಈ ಸಲ ಶಾರದೆ ಬಡಿಸ್ತಾಳೆ. ಮನೆಗೆ ಗಂಡು ಕೊಟ್ಟೋಳು ಅವಳು."

"ಹಿರಿಸೊಸೆ ಅಂದ್ರೆ ಹಿರಿಸೊಸೆನೇ ಮಾರಾಯ. ಗಂಡು ಹೆಣ್ಣಿನ ಲೆಕ್ಕನ ದೊರೆ ಹತ್ರ ಹೇಳಕ್ಕೆ ಹೋಗ್ಬೇಡ."

"ಅವ್ವಾ, ನೀ ಸುಮ್ನಿರು."

ಅಜ್ಜಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕವ್ವ ನಮ್ಮ ಬಾಗಿಲಿಗೆ ಬಂದಳು. ಅತ್ತು ಮೂಗು ಕೆಂಪಾಗಿತ್ತು.

"ಅಕ್ಕಾ, ನಾ ಬ್ಯಾಡ ಅಂದೆ. ಅವ್ರು ಕೇಳಲ್ಲ. ಮನಸಿಗೆ ಹಚ್ಕಬೇಡಿ."

"ಉಪ್ಪು ನೋಡಕ್ಕಾಗಲ್ಲ ಇವತ್ತು. ಕೈಯಂದಾಜಿನ ಮೇಲೆ ಹಾಕು," ಎಂದಳು ಅವ್ವ. "ಪಾಯಸ ತಳ ಹಿಡಿತದೆ, ಬಿಟ್ಟು ಬರಬೇಡ. ಹೋಗು."

ಅವಳು ಹೋದ ಮೇಲೆ ಅವ್ವ ಟ್ರಂಕಿನ ಮೇಲೆ ಕೂತಳು. ಒದ್ದೆ ಕೂದಲಿನ ನೀರು ಬೆನ್ನಿನ ಮೇಲೆ ಇಳಿದು ರವಿಕೆ ನೆನೆಯುತ್ತಿತ್ತು. ಆಮೇಲೆ ಎದ್ದು ಆ ಸೀರೆ ಬಿಚ್ಚಿ ಮಡಚಿಟ್ಟಳು, ಹಳೆಯದನ್ನು ಉಟ್ಟಳು, ಮೂರು ಕಲ್ಲಿನ ನಡುವೆ ಬೆಂಕಿ ಮಾಡಿದಳು. ಅಕ್ಕಿರೊಟ್ಟಿ ತಟ್ಟಿದಳು. ಗೂಡಿನಿಂದ ಪೊಟ್ಟಣ ತೆಗೆದು, ಒಣಮೀನನ್ನು ಕೆಂಡದ ಮೇಲೆ ಹಾಕಿದಳು. ನಾನು ಬಾಗಿಲ ಕಡೆ ನೋಡಿದೆ. ಆ ವಾಸನೆ ಬಾಗಿಲು ದಾಟಿ ಅಂಗಳಕ್ಕೆ ಹೋಗುವುದು ನನಗೆ ಕಣ್ಣಿಗೆ ಕಂಡ ಹಾಗಾಗುತ್ತಿತ್ತು.

"ಉಣ್ಣು."

"ದೊರೆ ಇನ್ನೂ ಉಂಡಿಲ್ವಲ್ಲವ್ವಾ."

"ದೊರೆಗೆ ಬಡಿಸೋರಿದಾರೆ. ನಮಗೆ ನಾವೇ ಬಡಿಸ್ಕಬೇಕು. ಉಣ್ಣೇ."

ನಾನು ಉಂಡೆ. ಹೆದರಿಕೆಯಲ್ಲಿ ಉಂಡರೂ ಅಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಉಂಡಿಲ್ಲ, ಇದನ್ನು ಮುಚ್ಚಿಡುವುದೇಕೆ. ಅತ್ತ ಓಲಗದ ಕಟ್ಟೆಯ ಮೇಲೆ ಎಲ್ಲರೂ ಬೆನ್ನು ತಿರುಗಿಸಿ ನಿಂತಿದ್ದರು. ನಮ್ಮ ಬಾಗಿಲಿನಿಂದ ಅವರ ಮುಖಗಳು ಕಾಣುತ್ತಿದ್ದವು. ಕಾಗೆ ಬರಲಿಲ್ಲ. ಆಳುಗಳು ಕಾ ಕಾ ಎಂದು ಕೂಗಿದರು, ಬರಲಿಲ್ಲ. ಬಿಸಿಲೇರಿತು. ರಾಜು ಹಸಿದು ಅಳತೊಡಗಿದ, ಚಿಕ್ಕವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಅಜ್ಜಿ ಮಗನಿಗೆ ಏನೋ ಹೇಳಿದಳು. ಅಪ್ಪಯ್ಯ ತಲೆ ತಗ್ಗಿಸಿ ನಿಂತರು. ಆಮೇಲೆ ಹೆಗಲಿನ ವಸ್ತ್ರವನ್ನು ಕೈಗೆ ತೆಗೆದುಕೊಂಡು, ಕಟ್ಟೆ ಇಳಿದು, ಅಂಗಳ ದಾಟಿ ನೇರ ನಮ್ಮ ಬಾಗಿಲಿಗೆ ಬಂದರು. ಸೌದೆಮನೆಗೆ ಟ್ರಂಕ್ ಹೊತ್ತು ತಂದ ದಿನದ ನಂತರ ಅವರು ಆ ಹೊಸಿಲಿಗೆ ಬಂದದ್ದು ಆಗಲೇ.

"ದೇವಕೀ," ಎಂದರು.

ಅಪ್ಪಯ್ಯ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನದು ಕಾಣಲು ಅವರಿಗೆ ಕೊಂಚ ಹೊತ್ತು ಬೇಕಾಯಿತು. ಅವ್ವನ ಬಾಯಲ್ಲಿ ರೊಟ್ಟಿ ಇತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಅವರನ್ನೇ ನೋಡುತ್ತಿದ್ದಳು. ಅಪ್ಪಯ್ಯ ಎಲೆ ನೋಡಿದರು, ಎಲೆಯ ಮೇಲಿದ್ದ ಮೀನಿನ ಮುಳ್ಳು ನೋಡಿದರು. ಉಂಡವಳು ಬಡಿಸುವ ಹಾಗಿಲ್ಲ. ವಸ್ತ್ರವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ತಿರುಗಿ ನಡೆದರು. ಅವ್ವ ಬಾಯಲ್ಲಿದ್ದದ್ದನ್ನು ನುಂಗಿ ಮುಗಿಸುವಷ್ಟರಲ್ಲಿ ಅವರು ಅಂಗಳ ದಾಟಿಯಾಗಿತ್ತು.

"ಕರೆಯಕ್ಕೇ ಬಂದಿದ್ರೇನೇ?" ಎಂದು ಅವ್ವ ನನ್ನನ್ನು ಕೇಳಿದಳು.

"ಗೊತ್ತಿಲ್ಲವ್ವ."

"ಹೆಸರು ಹಿಡಿದ್ರಲ್ಲ."

"ಹ್ಞೂಂ."

ಎಲೆಯಲ್ಲಿ ಉಳಿದದ್ದನ್ನು ಅವಳು ಕೊನೆಯ ತುತ್ತಿನವರೆಗೂ ಉಂಡಳು, ಚೆಲ್ಲಲಿಲ್ಲ. ಕಟ್ಟೆಯ ಮೇಲೆ ಕೊನೆಗೆ ಅಜ್ಜಿಯೇ, ಗಾಳಿಗೆ ಎಲೆ ಅಲ್ಲಾಡಿದ ಸದ್ದನ್ನು ನೆಪ ಮಾಡಿಕೊಂಡು, 'ದೊರೆ ಉಂಡ, ನಡಿರಿ, ಉಣ್ಣಿ' ಎಂದಳಂತೆ. ಅದಾದ ಮೇಲೆ ನಾನು ಶಾಪಕ್ಕಾಗಿ ಕಾದೆ. ಹಾವು ಬರುತ್ತದೆ, ಜ್ವರ ಬರುತ್ತದೆ, ಗೋಡೆ ಬೀಳುತ್ತದೆ ಎಂದು ಕಿವಿ ನಿಮಿರಿಸಿಕೊಂಡು ಮಲಗಿದೆ. ಏನೂ ಆಗಲಿಲ್ಲ. ಭತ್ತ ಎಂದಿನಂತೆ ಬಂತು, ಹಸು ಹೆಣ್ಣುಗರು ಹಾಕಿತು. ದೇವರು, ದೊರೆ, ಅಪ್ಪಯ್ಯ ಯಾರ ಹೆದರಿಕೆಯೂ ನನ್ನಲ್ಲಿ ಆಮೇಲೆ ಪೂರ್ತಿ ಉಳಿಯಲಿಲ್ಲ. ಯಾರೋ ಕರೆಯಲಿ ಎಂದು ಕಾಯುವ ಸ್ವಭಾವವೂ ಹೋಯಿತು. ಇದರಿಂದ ನನಗೆ ಒಳ್ಳೆಯದೂ ಆಗಿದೆ, ಕೆಡುಕೂ ಆಗಿದೆ. ನನ್ನ ಮದುವೆ ಬಾಳದೇ ಹೋದದ್ದಕ್ಕೆ ಅದೂ ಒಂದು ಕಾರಣ ಎಂದು ಹೇಳುವವರಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಅವ್ವನಿಗೆ ಆದದ್ದು ಬೇರೆ. ಅವಳು ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟಳು. ಆದರೆ ಗೋಡೆಗೆ ಗೂಟವನ್ನು ಮಾತ್ರ ಹೊಡೆಯಲಿಲ್ಲ. ಮರುವರ್ಷದಿಂದ ದೊರೆ ಎಡೆ ಚಿಕ್ಕವ್ವನದೇ ಆಯಿತು. ಅಪ್ಪಯ್ಯ ಮತ್ತೆ ಬರಲಿಲ್ಲ.

ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ಅವ್ವನನ್ನು ಕರೆದುಕೊಂಡು ಬಂದೆ. ಕಟ್ಟಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಮೂರು ಕಲ್ಲು ಅಲ್ಲೇ ಉಳಿದವು. ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಅವಳು ಅಕ್ಕಪಕ್ಕದವರ ಹತ್ತಿರ ಸುತ್ತಿಗೆ ಕೇಳಿ ತಂದು ಅಡುಗೆಮನೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆದಳು. ಮನೆಯ ಮಾಲೀಕ ಬೈದ. ನಾನು ಒಳಗೆ ಹೋಗಿ ಅತ್ತೆ.

ವರ್ಷಗಳು ಕಳೆದ ಮೇಲೆ ಒಂದು ಟ್ರಸ್ಟಿನವರು ಅರಮನೆಯನ್ನು ಮೊದಲಿದ್ದ ಹಾಗೆ ಕಟ್ಟುತ್ತೇವೆ ಎಂದು ಬಂದರು. ಅಪ್ಪಯ್ಯ ಮುದುಕರಾಗಿದ್ದರು. ಹೊಸನಗರದಲ್ಲಿ ಹೋಟೆಲ್ ಇಟ್ಟಿದ್ದ ರಾಜು ಅದರ ಸಮಿತಿಯಲ್ಲಿದ್ದ. ಟೇಪು ಕ್ಯಾಮೆರಾ ಹಿಡಿದು ಬಂದವರಿಗೆ ಅಪ್ಪಯ್ಯ ಕೋಲೂರಿಕೊಂಡು ಒಂದೊಂದೇ ಜಾಗ ತೋರಿಸಿದರಂತೆ: ಇದು ಲಾಯ, ಇದು ಓಲಗ, ಅದು ರಾಣಿವಾಸ. 'ಹಿಂದಿನಿಂದ್ಲೂ ಹಂಗೇ ಹೆಸರು' ಎಂದರಂತೆ. ಮರೆತು ಹೇಳಿದರೋ, ಮರೆಯಲೆಂದು ಹೇಳಿದರೋ ನನಗೆ ಇವತ್ತಿಗೂ ತಿಳಿಯದು. ಬೇರೆ ಹೆಸರುಗಳೆಲ್ಲ ತಳಪಾಯಕ್ಕೆ ಸರಿಯಾಗಿ ಹೊಂದಿದ್ದರಿಂದ ಇದನ್ನೂ ಅವರು ನಂಬಿದರು. ಮನೆಯವರು ಜಾಗ ಬಿಟ್ಟುಕೊಟ್ಟು ಹೊಸನಗರಕ್ಕೆ ಹೋದರು. ಟ್ರಸ್ಟಿನವರು ಸುತ್ತಿನ ಊರುಗಳಿಗೆ ಹೋಗಿದ್ದ ಕಲ್ಲುಗಳನ್ನು ಕೇಳಿ ತಂದರು, ಕೆಲವರು ಕೊಟ್ಟರು, ದೇವರ ಕಟ್ಟೆಗೆ ಹಾಕಿದ್ದೇವೆ ಎಂದು ಕೆಲವರು ಕೊಡಲಿಲ್ಲ. ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಅರೆದು ಗಾರೆ ಮಾಡಿದರು. ಕೆಲಸ ಮುಗಿಯುವ ಮೊದಲೇ ಅಪ್ಪಯ್ಯ ತೀರಿಕೊಂಡರು. ಚಿಕ್ಕವ್ವನೂ ಹೋದಳು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅವ್ವ, 'ಒಂದ್ಸಲ ನೋಡ್ಕಂಡು ಬರಣ' ಎಂದಳು. ರಾಜು ತಾನೇ ಕಾರು ತಂದ. ಅವನಿಗೆ ದೊಡ್ಡವ್ವನೆಂದರೆ ಮೊದಲಿನಿಂದಲೂ ಒಂಥರಾ ಸಂಕೋಚದ ಪ್ರೀತಿ.

ಎಲ್ಲ ನುಣ್ಣಗಾಗಿತ್ತು. ಮಾಡು ಎತ್ತರವಾಗಿತ್ತು, ಕಂಬಗಳಿಗೆ ಎಣ್ಣೆ ಹಚ್ಚಿದ್ದರು, ನಮ್ಮ ಅಡುಗೆಮನೆಗೆ 'ಪಾಕಶಾಲೆ' ಎಂಬ ಫಲಕ ಬಂದಿತ್ತು. ತೋರಿಸಲು ಬಂದವಳು ಹಳೆಯ ಅರಮನೆಗಳ ಚರಿತ್ರೆಯನ್ನೇ ಓದಿಕೊಂಡ ಚುರುಕಾದ ಹುಡುಗಿ. ಅವ್ವನ ಕೈ ಹಿಡಿದು ಅಂಗಳ ದಾಟಿಸಿದಳು. ಸೌದೆಮನೆಯ ಬಾಗಿಲ ಮೇಲೆ ಕಲ್ಲಿನಲ್ಲಿ 'ರಾಣಿವಾಸ' ಎಂದು ಕೆತ್ತಿದ್ದರು. ಒಳಗೆ ಕಲ್ಲಿನ ಮಂಚ, ಗೂಡುಗಳಲ್ಲಿ ಹಿತ್ತಾಳೆಯ ಕನ್ನಡಿ, ಕುಂಕುಮದ ಭರಣಿ. ಗೋಡೆಗಳಿಗೆಲ್ಲ ಬಿಳಿ ಗಾರೆ. ಒಂದು ಕಡೆ ಮಾತ್ರ ಗಾರೆ ಬಳಿಯದೆ ಬಿಟ್ಟು ಮುಂದೆ ಗಾಜು ಹಾಕಿದ್ದರು. ಗಾಜಿನ ಹಿಂದೆ, ನೆಲದಿಂದ ಮೇಲಕ್ಕೆ ಹರಡಿಕೊಂಡ ಕಪ್ಪು ಮಸಿ.

"ಇದು ಬಹಳ ಮುಖ್ಯ ಅಜ್ಜಿ," ಎಂದಳು ಹುಡುಗಿ. "ನಗರದ ಕೋಟೆ ಬಿದ್ದಾಗ ಅರಮನೆಗೆ ಬೆಂಕಿ ಬಿತ್ತಲ್ಲ, ಆಗಿನ ಮಸಿ. ಇದೊಂದೇ ಗುರುತು ಉಳಿದಿರೋದು."

ಅದು ನಮ್ಮ ಮೂರು ಕಲ್ಲಿನ ಮಸಿ. ಒದ್ದೆ ಸೌದೆಯ ಮಸಿ, ಆ ಒಣಮೀನಿನದೂ. ಇದನ್ನು ಈಗಲೇ ಹೇಳುತ್ತೇನೆ, ಆ ಫಲಕ ತೆಗೆಸುತ್ತೇನೆ, ಇಲ್ಲಿ ಯಾವ ರಾಣಿಯೂ ಇರಲಿಲ್ಲ, ಕರೆಯುತ್ತಾರೆಂದು ಕಾದ ಒಬ್ಬ ಹೆಂಗಸು ಇದ್ದಳು ಎಂದು ಬರೆಸುತ್ತೇನೆ ಎಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅವ್ವನ ಕಡೆ ಬಾಗಿದಳು.

"ಅಜ್ಜಿ, ನೀವು ಇಲ್ಲೇ ಸಂಸಾರ ಮಾಡಿದವ್ರಂತೆ. ನಿಮ್ಮ ಕೋಣೆ ಯಾವುದಿತ್ತು?"

ಅವ್ವ ಗಾಜಿನ ಹಿಂದಿನ ಮಸಿಯನ್ನು ಇನ್ನೊಮ್ಮೆ ನೋಡಿದಳು.

"ನಾನು ಒಳಗಿದ್ದೆ," ಎಂದಳು. "ಅಡುಗೆಮನೆ ಪಕ್ಕದ ಕೋಣೆ. ಇವಳಪ್ಪ ನನ್ನ ಹೊರಗೆ ಬಿಡ್ತಿರ್ಲಿಲ್ಲ. ಬೆಳಿಗ್ಗೆ ಒಲೆ ಹಚ್ಚಕ್ಕೂ ನಾನೇ ಬೇಕು, ರಾತ್ರಿ ಬಾಗಿಲು ಹಾಕಕ್ಕೂ ನಾನೇ ಬೇಕು."

"ಮತ್ತೆ ಈ ಕೋಣೇಲಿ?"

"ಇಲ್ಲಿ ಯಾರೂ ಇರ್ತಿರ್ಲಿಲ್ಲಮ್ಮ."

ಹುಡುಗಿ ರಾಜುವಿನ ಮುಖ ನೋಡಿದಳು. ಅವನು ಗಾಜಿನ ಕಡೆಗೆ ಬೆನ್ನು ಮಾಡಿದ.

"ಹೌದು," ಎಂದ. "ದೊಡ್ಡವ್ವ ಯಾವಾಗ್ಲೂ ಒಳಗೇ ಇದ್ದಿದ್ದು."

ಆಮೇಲೆ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಓದು ಕಲಿತದ್ದು, ದೊಡ್ಡವಳಾದದ್ದು, ಹೆದರಿಕೆ ಬಿಟ್ಟದ್ದು ಎಲ್ಲ ಆ ಕೋಣೆಯಲ್ಲಿ. ಅವ್ವ ನನ್ನನ್ನು ನೋಡಲಿಲ್ಲ, ಕೈಯನ್ನೂ ಒತ್ತಲಿಲ್ಲ. ಉತ್ತರಕ್ಕಾಗಿ ಕಾಯುತ್ತ ನಿಂತಿದ್ದಳು, ಅಷ್ಟೆ.

"ಹೌದು," ಎಂದೆ ನಾನು. "ನಾವೆಲ್ಲ ಒಳಗೇ ಇದ್ದೆವು."